ಇನ್ನೊಬ್ಬರ ಬ್ಯಾಟಿಗೆ ನಮ್ಮ ಬಾಯಿ

ನಮ್ಮ ಕೋರ್ಟಿನಲ್ಲಿ ಅಂಪೈರ್ ಇಲ್ಲ. ಜಯನಗರದ ಒಂದು ಉದ್ಯಾನದ ಹಿಂಭಾಗದಲ್ಲಿ, ಎರಡು ಹೊಂಗೆ ಮರಗಳ ನಡುವೆ, ವಯಸ್ಸಾದ ನಾವು ಆರು ಜನ ದಿನಾ ಬೆಳಗ್ಗೆ ಬಾಲ್ ಬ್ಯಾಡ್ಮಿಂಟನ್ ಆಡುತ್ತೇವೆ. ಒಂದೊಂದು ಕಡೆಗೆ ಐವರು ಬೇಕಾದ ಆಟ ಇದು. ಅಷ್ಟು ಜನ ಈಗ ಸಿಗುವುದಿಲ್ಲವಾದ್ದರಿಂದ ಮೂವರು ಮೂವರಾಗಿ ಹಂಚಿಕೊಳ್ಳುತ್ತೇವೆ. ಅಂಗೈಯಲ್ಲಿ ಅಡಗುವ ಹಳದಿ ಉಣ್ಣೆಯ ಚೆಂಡು, ಉದ್ದ ಹಿಡಿಯ ಬ್ಯಾಟು. ನೆಟ್ಟು ದಾಟಿ ಬಂದ ಚೆಂಡನ್ನು ಒಂದೇ ಬ್ಯಾಟು ಹಿಂದಿರುಗಿಸಬೇಕು. ಮುಂದೆ ನಿಂತವರ ಬ್ಯಾಟಿಗೆ ಒಂದೆಳೆ ಸವರಿಕೊಂಡು ಹೋದ ಚೆಂಡನ್ನು ಹಿಂದೆ ನಿಂತವರು ಹೊಡೆದರೆ ತಪ್ಪು, ಪಾಯಿಂಟು ಎದುರಾಳಿಗೆ. ಆ ಸವರುವಿಕೆ ಕಣ್ಣಿಗೆ ಬೀಳುವುದು ಅಪರೂಪ. ಆದ್ದರಿಂದ ಯಾರ ಬ್ಯಾಟಿಗೆ ತಗುಲಿತೋ ಅವರೇ ಗಟ್ಟಿಯಾಗಿ "ಟಚ್" ಎನ್ನಬೇಕು. ಇದು ಪುಸ್ತಕದಲ್ಲಿ ಇದೆಯೋ ಇಲ್ಲವೋ ಗೊತ್ತಿಲ್ಲ. ನಮ್ಮ ಕೋರ್ಟಿನಲ್ಲಿ ಇದೆ.

ನಾನು ಓದಿದ್ದು ಹಾಸ್ಟೆಲಿನಲ್ಲಿ, ದುಡಿದದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಎರಡೂ ಕಡೆ ಗಂಟೆ ಹೊಡೆದ ಮೇಲೆ ಎರಡನೆಯ ಮಾತಿರಲಿಲ್ಲ. ಈ ಆಟವನ್ನೂ ಅಲ್ಲೇ ಕಲಿತೆ, ಆಫೀಸಿನ ಹೆಂಗಸರ ತಂಡಕ್ಕೆ ಆಡುತ್ತಿದ್ದೆ. ನಿವೃತ್ತಿಯಾದ ಮೇಲೂ ಕೈಕಾಲು ಸುಮ್ಮನಿರಲು ಒಪ್ಪಲಿಲ್ಲ. ಬೆಳಗ್ಗೆ ಮೊದಲು ಹೋಗಿ ಎಲೆ ಗುಡಿಸಿ, ಸುಣ್ಣದ ಗೆರೆ ಎಳೆದು, ನೆಟ್ಟು ಬಿಗಿಯುವವಳು ನಾನೇ. ಬೇರೆಯವರು ಬಿಗಿದರೆ ನಡುವೆ ಜೋಲುತ್ತದೆ. ಜೋತ ನೆಟ್ಟನ್ನು ನೋಡಿಕೊಂಡು ನಿಲ್ಲುವುದು ನನ್ನಿಂದ ಆಗದು.

ಸಂಜೆ ಹೊತ್ತು ಹುಡುಗಿಯರಿಗೆ ಕಲಿಸಲು ಶುರುಮಾಡಿದ್ದೂ ಹೀಗೆ ಸುಮ್ಮನಿರಲಾರದೆ. ಜೆ.ಪಿ. ನಗರದಲ್ಲಿ ಗಂಟೆಯ ಲೆಕ್ಕದಲ್ಲಿ ಸಿಗುವ ಒಳಾಂಗಣ ಕೋರ್ಟುಗಳಿಗೆ ಹೋಗುವ ಮಕ್ಕಳು ನಮ್ಮ ಉಣ್ಣೆಯ ಚೆಂಡನ್ನು ಕಂಡು ನಗುತ್ತಾರೆ. "ಆಂಟಿ, ಇದು ಸ್ವೆಟರ್ ಬಿಚ್ಚಿ ಮಾಡಿದ್ದಾ?" ಎಂದು ಒಬ್ಬಳು ಕೇಳಿದ್ದಳು. ಆದರೂ ಐವರು ನಿಂತರು. ಸರಿಯಾಗಿ ಐವರೇ, ಒಬ್ಬಳೂ ಹೆಚ್ಚಿಲ್ಲ. ಅವರಲ್ಲಿ ಇಬ್ಬರನ್ನು ಮಾತ್ರ ಇಲ್ಲಿ ಹೇಳಿದರೆ ಸಾಕು. ಒಬ್ಬಳು ಕ್ಯಾಪ್ಟನ್. ಮೊದಲ ಪಿಯುಸಿ, ಎತ್ತರದ ಆಳು, ನೆಟ್ಟಿನ ಹತ್ತಿರ ನಿಂತು ಹಾರಿ ಹೊಡೆಯುವವಳು, ಸೋತರೆ ಊಟ ಬಿಡುವವಳು. ಇನ್ನೊಬ್ಬಳು ಸಿದ್ದಾಪುರದಿಂದ ಬರುವ ಎಡಗೈಯವಳು. ಒಂಬತ್ತನೆಯ ಕ್ಲಾಸು, ಮಾತು ಕಡಿಮೆ, ಹಿಂದೆ ನಿಂತು ಯಾವ ಚೆಂಡನ್ನೂ ನೆಲಕ್ಕೆ ಬಿಡುತ್ತಿರಲಿಲ್ಲ. ಅವಳ ಅಜ್ಜಿ ಬೆಳಗ್ಗೆ ನಮ್ಮ ಉದ್ಯಾನಕ್ಕೆ ವಾಕಿಂಗ್ ಬರುತ್ತಿದ್ದರು. ಜೊತೆಗೆ ಬಂದ ಇವಳು, ನಮ್ಮ ಆರು ಜನರಲ್ಲಿ ಯಾರಾದರೂ ತಪ್ಪಿಸಿಕೊಂಡ ದಿನ ಆ ಜಾಗಕ್ಕೆ ನಿಂತು ಆಡುತ್ತಿದ್ದಳು. ಹೀಗೆ ಅವಳಿಗೆ ಎರಡು ಶಾಲೆಯಾಯಿತು: ಸಂಜೆ ನಾನು, ಬೆಳಗ್ಗೆ ಮುದುಕರು.

ಬನಶಂಕರಿಯ ಮೈದಾನವೊಂದರಲ್ಲಿ ಬಡಾವಣೆಯವರು ಒಂದು ಭಾನುವಾರ ಪಂದ್ಯಾವಳಿ ಇಟ್ಟರು. ನಮ್ಮ ಹುಡುಗಿಯರು ಮೊದಲ ಸಲ ಸೆಮಿಫೈನಲ್ ತಲುಪಿದ್ದರು. ಕೊನೆಯ ಗೇಮು, ಎರಡೂ ಕಡೆ ಅಂಕ ಸಮ. ಎದುರಿನವರು ಹೊಡೆದ ಚೆಂಡಿಗೆ ಕ್ಯಾಪ್ಟನ್ ನೆಟ್ಟಿನ ಬಳಿ ಹಾರಿದಳು, ಸಿಗಲಿಲ್ಲ. ಹಿಂದಿದ್ದ ಎಡಗೈಯವಳು ಬಾಗಿ ಅದನ್ನು ಎತ್ತಿ ಎದುರು ಕೋರ್ಟಿನ ಖಾಲಿ ಮೂಲೆಗೆ ಇಟ್ಟಳು. ಎದುರಿನ ಐವರಲ್ಲಿ ಒಬ್ಬರೂ ಅಲುಗಲಿಲ್ಲ. ಅಂಪೈರ್ ನಮ್ಮ ಕಡೆ ಕೈ ತೋರಿಸಿದರು. ಉಳಿದ ಮೂವರು ಕುಣಿಯಲು ಶುರುಮಾಡಿದರು. ಆಗ ಎಡಗೈಯವಳು ಬ್ಯಾಟು ಕೆಳಗಿಳಿಸಿ "ಟಚ್" ಎಂದಳು.

ಅಂಪೈರ್ ಕುರ್ಚಿಯಿಂದ ಬಾಗಿದರು. "ಯಾರ್ದಮ್ಮ ಟಚ್?"

ಅವಳು ಕ್ಯಾಪ್ಟನ್ ಕಡೆ ಬೆರಳು ತೋರಿಸಿದಳು.

"ಏಯ್, ನಂಗ್ ತಗುಲಿಲ್ಲ ಸಾರ್," ಎಂದಳು ಕ್ಯಾಪ್ಟನ್.

"ಟಿಕ್ ಅಂತು ಸಾರ್, ಕೇಳಿಸ್ತು."

ಅಂಪೈರ್ ಇಬ್ಬರ ಮುಖವನ್ನೂ ನೋಡಿದರು. ಸ್ವಂತ ತಂಡದವಳೇ ಹೇಳಿದ ಮೇಲೆ ಅವರಾದರೂ ಏನು ಮಾಡಿಯಾರು. ಪಾಯಿಂಟು ಆಚೆ ಕಡೆಗೆ ಹೋಯಿತು. ಆಮೇಲಿನ ಪಾಯಿಂಟೂ ಹೋಯಿತು, ಆಟವೂ ಹೋಯಿತು.

ಅಷ್ಟಕ್ಕೇ ನಿಂತಿದ್ದರೆ ಸೋಲು ಮಂಗಳವಾರದೊಳಗೆ ಆರಿಹೋಗುತ್ತಿತ್ತು. ಆದರೆ ಬಹುಮಾನ ಕೊಡುವ ಹೊತ್ತಿನಲ್ಲಿ ಸಂಘಟಕರಲ್ಲೊಬ್ಬರು ಮೈಕು ಹಿಡಿದು ಕ್ರೀಡಾ ಮನೋಭಾವದ ಬಗ್ಗೆ ಮಾತಾಡಿದರು. ಗೆಲ್ಲುವ ಪಾಯಿಂಟನ್ನು ಸತ್ಯಕ್ಕಾಗಿ ಬಿಟ್ಟುಕೊಟ್ಟ ಹುಡುಗಿ ಎಂದು ಎಡಗೈಯವಳನ್ನು ವೇದಿಕೆಗೆ ಕರೆದು, ಎಲ್ಲಿಂದಲೋ ಹೊಂದಿಸಿದ ಒಂದು ಕಪ್ಪು ಕೊಟ್ಟರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನಾಲ್ಕು ಸಲ ತಟ್ಟಿರಬಹುದು, ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಕ್ಯಾಪ್ಟನ್ ತನ್ನ ಶೂ ಲೇಸನ್ನು ಬಿಚ್ಚಿ ಕಟ್ಟಿ ಬಿಚ್ಚಿ ಕಟ್ಟುತ್ತಿರುವುದು ಕಂಡಿತು. ಕೈ ನಿಂತಿತು.

ವಾಪಸು ಬರುವಾಗ ಎರಡು ಆಟೋ ಮಾಡಿಕೊಂಡೆವು. ಕ್ಯಾಪ್ಟನ್ ನನ್ನ ಜೊತೆ ಹತ್ತಿದಳು. ಬನಶಂಕರಿ ಬಸ್ ನಿಲ್ದಾಣದ ಹತ್ತಿರ ಎಂದಿನಂತೆ ವಾಹನಗಳು ಕಿಕ್ಕಿರಿದು ನಿಂತಿದ್ದವು.

"ನಂಗೆ ತಗುಲಿಲ್ಲ ಮೇಡಂ," ಎಂದಳು, ರಸ್ತೆಯ ಕಡೆಗೇ ಮುಖ ಮಾಡಿ.

"ಖಾತ್ರಿನಾ?"

"ಗೊತ್ತಿಲ್ಲ. ಹಾರ್ದಾಗ ಯಾರ್ಗ್ ಗೊತ್ತಾಗುತ್ತೆ. ತಗುಲಿಲ್ಲ ಅಂತ್ಲೇ ಅನ್ಸ್ತು." ಬ್ಯಾಟಿನ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. "ಅವಳ್ಗೆ ಸತ್ಯಕ್ಕೆ ಕಪ್ ಕೊಟ್ರಲ್ಲ, ಹಂಗಾದ್ರೆ ನಾನೇನು, ಕಳ್ಳಿನಾ? ನಮ್ಮಪ್ಪ ಅಮ್ಮ ಎಲ್ಲಾ ಅಲ್ಲೇ ಇದ್ರು. ನೀವೂ ಚಪ್ಪಾಳೆ ತಟ್ಟಿದ್ರಿ."

ಚೀಲದಿಂದ ಬಾಟಲಿ ತೆಗೆದು ಅವಳ ಕೈಗಿಟ್ಟೆ. "ನೀರು ಕುಡಿ," ಎಂದೆ.

ಮರುದಿನ ಸಂಜೆ ಕೋರ್ಟಿಗೆ ಹೋದಾಗ ಕ್ಯಾಪ್ಟನ್ ಕಲ್ಲುಬೆಂಚಿನ ಮೇಲೆ ಕೂತಿದ್ದಳು, ಬ್ಯಾಟು ಚೀಲದೊಳಗೇ ಇತ್ತು. ಎಡಗೈಯವಳು ಬರುವುದನ್ನು ಕಂಡು ಉಳಿದವರಲ್ಲಿ ಒಬ್ಬಳು, "ಬಂದ್ರಪ್ಪಾ ಥರ್ಡ್ ಅಂಪೈರು," ಎಂದಳು. ಇನ್ನೊಬ್ಬಳು ಕೈಯಲ್ಲಿ ಟಿ.ವಿ. ಪರದೆಯ ಚೌಕ ಬರೆದು ತೋರಿಸಿದಳು. ನಾನು ಗದರಿದೆ, ನಗು ನಿಂತಿತು. ಆದರೆ ಗದರಿಸಿ ನಿಲ್ಲಿಸಿದ ನಗು ಬಾಯಿಂದ ಕಣ್ಣಿಗೆ ಹೋಗುತ್ತದೆ ಅಷ್ಟೆ.

"ಅವಳ್ ಆಡಿದ್ರೆ ನಾನ್ ಆಡಲ್ಲ ಮೇಡಂ," ಎಂದಳು ಕ್ಯಾಪ್ಟನ್, ಎಲ್ಲರಿಗೂ ಕೇಳುವಂತೆ.

ಎಡಗೈಯವಳು ಅರ್ಧ ಗಂಟೆ ಗೋಡೆಗೆ ಚೆಂಡು ಹೊಡೆದು ಹೊರಟುಹೋದಳು. ಮಾರನೆಯ ಸಂಜೆ ಬರಲಿಲ್ಲ. ಅದರ ಮಾರನೆಯ ಬೆಳಗ್ಗೆ ಅಜ್ಜಿ ಒಬ್ಬರೇ ವಾಕಿಂಗ್ ಬಂದರು.

ನಾಲ್ವರಿಂದ ತಂಡವಾಗುವುದಿಲ್ಲ, ಅದು ಸರಿ. ನನ್ನನ್ನು ಕೊರೆಯುತ್ತಿದ್ದುದು ಅದಲ್ಲ. ಆಫೀಸಿನ ದಿನಗಳಲ್ಲಿ ಹೀಗೆ ಮುನಿಸಿಕೊಂಡು ಬ್ಯಾಟು ಕೆಳಗಿಟ್ಟವರನ್ನು ನೋಡಿದ್ದೇನೆ. ಗಂಡಸರಾದರೆ ಬೇರೆ ಕ್ಲಬ್ಬು ಹುಡುಕಿಕೊಳ್ಳುತ್ತಿದ್ದರು. ಹೆಂಗಸರು ಆಟವನ್ನೇ ಬಿಡುತ್ತಿದ್ದರು, ಇನ್ನು ಯಾವತ್ತೂ ಮುಟ್ಟುತ್ತಿರಲಿಲ್ಲ. ಈ ಹುಡುಗಿ ಈಗ ಹೋದರೆ ಪೂರ್ತಿ ಹೋದಂತೆ. ಅಷ್ಟು ಒಳ್ಳೆಯ ಕೈ, ಅಷ್ಟು ಒಳ್ಳೆಯ ಕಿವಿ. ಹೋಗುವುದೂ ಎಂಥ ಪಾಠ ಕಲಿತು: ಇದ್ದದ್ದನ್ನು ಹೇಳಿದರೆ ಒಬ್ಬಳೇ ಆಗುತ್ತೇನೆ ಎಂದು.

ಆ ವಾರ ನನ್ನ ದಿನಚರಿ ಕೆಟ್ಟಿತು. ಗುಡಿಸಿದ ಕೋರ್ಟನ್ನೇ ಮತ್ತೆ ಗುಡಿಸಿದೆ. ಕಾಫಿ ಸೋಸಿಟ್ಟು ಕುಡಿಯಲು ಮರೆತೆ. ಹಾಲು ತರಲು ಹೋದವಳು ನಾಲ್ಕನೇ ಬ್ಲಾಕಿನ ತನಕ ನಡೆದು, ಹಾಲಿಲ್ಲದೆ ವಾಪಸು ಬಂದೆ. ಕ್ರೀಡಾ ಮನೋಭಾವ ಎಂಬ ಮಾತನ್ನು ನಾನು ಎಷ್ಟು ಸಲ ಆ ಹುಡುಗಿಯರಿಗೆ ಹೇಳಿದ್ದೇನೆ. ಅದು ಅಷ್ಟು ಚೂಪಾಗಿದ್ದೀತು ಎಂದು ಯೋಚಿಸಿರಲಿಲ್ಲ.

ಕೊನೆಗೆ ಎಡಗೈಯವಳೇ ಮನೆಗೆ ಬಂದಳು, ಪ್ಲಾಸ್ಟಿಕ್ ಚೀಲದಲ್ಲಿ ಆ ಕಪ್ಪು ಹಿಡಿದುಕೊಂಡು.

"ಇದು ನಿಮ್ಮನೇಲಿರ್ಲಿ ಮೇಡಂ. ನಮ್ಮಜ್ಜಿ ಬಂದೋರಿಗೆಲ್ಲ ತೋರಿಸ್ತಾರೆ. ನಂಗಾಗಲ್ಲ."

ಒಳಗೆ ಕರೆದು ಚಕ್ಕುಲಿ ಕೊಟ್ಟೆ. ಮುರಿದು ತಟ್ಟೆಯಲ್ಲೇ ಇಟ್ಟುಕೊಂಡು ಕೂತಳು.

"ಒಂದು ಕೇಳ್ತೀನಿ," ಎಂದೆ. "ಬ್ಯಾಟು ಅವಳದು. ಹೇಳೋದಿದ್ರೆ ಅವಳು ಹೇಳ್ಬೇಕು. ನೀನ್ಯಾಕೆ ಹೇಳಿದೆ?"

ಅವಳು ನಿಜವಾಗಿ ಆಶ್ಚರ್ಯಪಟ್ಟು ನನ್ನನ್ನು ನೋಡಿದಳು. "ಅವಳ್ಗೆ ಗೊತ್ತಾಗ್ಲಿಲ್ಲ ಮೇಡಂ. ಅದ್ಕೆ ಹೇಳ್ದೆ. ಬೆಳಗ್ಗೆ ಮೇಷ್ಟ್ರಿಗೆ ಹೇಳಲ್ವಾ, ಹಂಗೇ. ನೀವೂ ಹೇಳ್ತೀರಲ್ಲ."

ಕೂತಿದ್ದವಳು ಎದ್ದು ನಿಂತೆ.

ಮೇಷ್ಟ್ರು ಎಂದರೆ ನಮ್ಮ ಬೆಳಗಿನ ಗುಂಪಿನವರು, ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಸಕ್ಕರೆ ಕಾಯಿಲೆಯಿಂದ ಅವರ ಬೆರಳುಗಳು ಜೋಮು ಹಿಡಿದಂತಾಗಿವೆ. ಚೆಂಡು ಬ್ಯಾಟಿಗೆ ಸವರಿದರೆ ಅವರಿಗೆ ತಿಳಿಯುವುದಿಲ್ಲ. ಇನ್ನೊಬ್ಬರು ಬ್ಯಾಂಕಿನವರು. ಕಿವಿಯ ಯಂತ್ರ ಬಿದ್ದುಹೋದೀತೆಂದು ಆಡುವಾಗ ಅದನ್ನು ತೆಗೆದು ಜೇಬಿನಲ್ಲಿಡುತ್ತಾರೆ, ಅವರಿಗೆ ಸದ್ದು ಕೇಳುವುದಿಲ್ಲ. ಹೀಗಾಗಿ ತಗುಲಿದ್ದು ಗೊತ್ತಾದವರು ಗೊತ್ತಾಗದವರಿಗೆ ಹೇಳುವ ಪದ್ಧತಿ ನಮ್ಮಲ್ಲಿ ತಾನಾಗಿ ಬೆಳೆದಿತ್ತು. ಯಾರೂ ಕೂತು ಮಾಡಿದ್ದಲ್ಲ. ಒಬ್ಬರ ಕನ್ನಡಕ ಇನ್ನೊಬ್ಬರು ಹುಡುಕಿಕೊಟ್ಟ ಹಾಗೆ. ಈ ಹುಡುಗಿ ಬೆಳಗ್ಗೆ ನಮ್ಮ ನಡುವೆ ನಿಂತು, ಇದನ್ನೇ ಆಟ ಎಂದುಕೊಂಡಿದ್ದಳು. ಅವಳು ಕ್ಯಾಪ್ಟನ್ ತಪ್ಪನ್ನು ಬಯಲು ಮಾಡಿರಲಿಲ್ಲ. ಅವಳ ಮನಸ್ಸಿನಲ್ಲಿ ಗೆಳತಿಗೆ ಕೈ ಆಸರೆ ಕೊಟ್ಟಿದ್ದಳು. ನಮ್ಮ ಮುಪ್ಪನ್ನು ಅವಳು ನಿಯಮವಾಗಿ ಕಲಿತಿದ್ದಳು.

ಕಪ್ಪನ್ನು ಫ್ರಿಜ್ಜಿನ ಮೇಲಿಟ್ಟು ಅವಳನ್ನು ಕಳಿಸಿದ ಕೂಡಲೇ ಕ್ಯಾಪ್ಟನ್‌ಗೆ ಫೋನು ಮಾಡಿದೆ. ಎಲ್ಲವನ್ನೂ ಬಿಡಿಸಿ ಹೇಳಿದೆ.

"ಮೇಷ್ಟ್ರಿಗೆ ಕೈ ಜೋಮು ಮೇಡಂ. ನಂಗೇನಾಗಿದೆ?" ಎಂದಳು.

ಅದೂ ಸರಿಯೇ. ಫೋನು ಇಟ್ಟು ಕೋಣೆಯಲ್ಲಿ ಆ ಕಡೆಯಿಂದ ಈ ಕಡೆಗೆ ಓಡಾಡಿದೆ. ಹೇಳಿದರೆ ತಿಳಿಯುವ ವಿಷಯವಲ್ಲ ಇದು. ನಿಂತು ನೋಡಬೇಕು.

ಬ್ಯಾಂಕಿನವರು ಆ ವಾರ ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿದ್ದರು. ಮತ್ತೆ ಕ್ಯಾಪ್ಟನ್‌ಗೆ ಫೋನು ಮಾಡಿ, "ನಾಳೆ ಬೆಳಗ್ಗೆ ನಮಗೆ ಒಬ್ಬರು ಕಡಿಮೆ. ನೀನು ಬರ್ತೀಯಾ?" ಎಂದೆ. ಯಾಕೆ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬಂದಳು. ತಡವಾಗಿ, ಆಕಳಿಸುತ್ತ, ಕೂದಲಿಗೆ ರಬ್ಬರ್ ಬ್ಯಾಂಡು ಸುತ್ತಿಕೊಳ್ಳುತ್ತ. ಅವಳನ್ನು ಮೇಷ್ಟ್ರ ಕಡೆಗೆ ಹಾಕಿ ನಾನು ಎದುರು ನಿಂತೆ. ಮೇಷ್ಟ್ರು ಮುಂದೆ, ಅವಳು ಹಿಂದೆ. ಮುದುಕರ ಆಟ ಎಂದು ಮೊದಲು ಅಸಡ್ಡೆಯಿಂದ ಆಡಿದಳು. ನಾವು ಓಡುವುದಿಲ್ಲ, ಆದರೆ ಚೆಂಡನ್ನು ಎಲ್ಲಿ ಇಡಬೇಕೆಂದು ನಮಗೆ ಗೊತ್ತು. ನಾಲ್ಕೈದು ಸಲ ಅವಳನ್ನು ಮೂಲೆಯಿಂದ ಮೂಲೆಗೆ ಓಡಿಸಿದ ಮೇಲೆ ಹಲ್ಲು ಕಚ್ಚಿಕೊಂಡಳು. ಸೋಲು ಎಂದರೆ ಅವಳಿಗೆ ಸೋಲೇ, ಎದುರಿನವರ ವಯಸ್ಸು ಎಷ್ಟಾದರೇನು.

ಆಟ ಬಿಗಿಯಾಯಿತು. ನಾನು ನೆಟ್ಟಿನ ಅಂಚಿಗೇ ಸಮನಾಗಿ ಒಂದು ಚೆಂಡು ಹೊಡೆದೆ. ಮೇಷ್ಟ್ರು ಕೈ ಚಾಚಿದರು, ಚೆಂಡು ಅವರನ್ನು ದಾಟಿತು. ಹಿಂದಿನಿಂದ ಕ್ಯಾಪ್ಟನ್ ಬಂದು ಅದನ್ನು ನನ್ನ ಕಾಲಬುಡಕ್ಕೆ ಬಡಿದಳು. ಒಳ್ಳೆಯ ಹೊಡೆತ. ನಾನು ಚೆಂಡು ಎತ್ತಿಕೊಳ್ಳಲು ಬಾಗಿದೆ. ಅಷ್ಟರಲ್ಲಿ ಮೇಷ್ಟ್ರು ಹಿಂದೆ ತಿರುಗಿ, ದಿನಾ ನಮ್ಮನ್ನು ಕೇಳುವ ಹಾಗೇ ಕೇಳಿದರು.

"ನಂಗೇನಾದ್ರೂ ಮುಟ್ತೇನಮ್ಮ?"

ನನಗೆ ಸದ್ದು ಕೇಳಿರಲಿಲ್ಲ. ನಮ್ಮ ಕಡೆ ಯಾರಿಗೂ ಕೇಳಿರಲಿಲ್ಲ. ಕ್ಯಾಪ್ಟನ್ ಬ್ಯಾಟಿನ ತಂತಿಗಳನ್ನು ಬೆರಳಲ್ಲಿ ಸರಿಪಡಿಸುತ್ತ ನಿಂತಳು. ಮೇಷ್ಟ್ರು ಕಾದರು. ಅವರ ಮುಖದಲ್ಲಿ ಅನುಮಾನವಿರಲಿಲ್ಲ, ಎಷ್ಟು ಗಂಟೆಯಾಯಿತು ಎಂದು ಕೇಳಿದವರಂತಿದ್ದರು.

"ಮುಟ್ತು ಸಾರ್," ಎಂದಳು ಅವಳು ಕೊನೆಗೆ. "ಸ್ವಲ್ಪ."

ಮೇಷ್ಟ್ರು ನಮ್ಮ ಕಡೆ ತಿರುಗಿ ಕೈಯೆತ್ತಿದರು. "ಟಚ್, ಮೇಡಂ. ಪಾಯಿಂಟ್ ನಿಮ್ದು." ಮತ್ತೆ ಅವಳಿಗೆ, "ಒಳ್ಳೇದಾಯ್ತಮ್ಮ. ಇಲ್ದಿದ್ರೆ ಪುಕ್ಕಟೆ ಪಾಯಿಂಟ್ ತಿಂದು ಈ ಮೇಡಂ ಹತ್ರ ವಾರಗಟ್ಟಲೆ ಅನ್ನಿಸ್ಕೋಬೇಕಿತ್ತು."

ಆಟ ಮುಗಿದು ನೆಟ್ಟು ಬಿಚ್ಚುವಾಗ ಅವಳು ಇನ್ನೊಂದು ತುದಿ ಹಿಡಿದಳು. ಇಬ್ಬರೂ ಮಡಿಸುತ್ತ ಹತ್ತಿರ ಬಂದೆವು. ಅವಳಿಗೆ ಅರ್ಥವಾಗಿದೆ, ಇನ್ನು ಕರಗುತ್ತಾಳೆ ಎಂದುಕೊಂಡಿದ್ದೆ.

"ಮೇಷ್ಟ್ರು ಕೇಳಿದ್ರು, ನಾನ್ ಅವರಿಗ್ ಹೇಳ್ದೆ. ಟಚ್ ಅಂದಿದ್ದು ಅವರೇ," ಎಂದಳು. "ಅವಳೂ ನಂಗೆ ಹೇಳ್ಬೋದಿತ್ತಲ್ಲ ಮೇಡಂ. ಊರಿಗೆಲ್ಲ ಯಾಕ್ ಹೇಳಿದ್ಲು?"

ನೆಟ್ಟು ನನ್ನ ಕೈಯಲ್ಲಿ ಅರ್ಧ ಮಡಿಸಿದ್ದು ಹಾಗೇ ನಿಂತಿತು. ಇಷ್ಟು ವರ್ಷ ಆಡಿದ ನನಗೆ ಈ ವ್ಯತ್ಯಾಸ ಕಂಡಿರಲಿಲ್ಲ. ನಾವು ಒಬ್ಬರಿಗೊಬ್ಬರು ಹೇಳುತ್ತಿದ್ದೆವು. ಆಮೇಲೆ ಅವರವರ ಬ್ಯಾಟಿಗೆ ಅವರವರೇ ಕೈಯೆತ್ತುತ್ತಿದ್ದರು. ಆ ಸಣ್ಣ ನಡುವಿನ ಹೆಜ್ಜೆಯಲ್ಲೇ ಒಬ್ಬರ ಮರ್ಯಾದೆ ಇತ್ತು. ಅದನ್ನು ಎಡಗೈಯವಳು ದಾಟಿಬಿಟ್ಟಿದ್ದಳು, ಏಕೆಂದರೆ ಅದನ್ನು ಅವಳಿಗೆ ಯಾರೂ ತೋರಿಸಿರಲಿಲ್ಲ.

"ಅದು ಅವಳಿಗೆ ಗೊತ್ತಿರ್ಲಿಲ್ಲ," ಎಂದೆ.

"ಹೂಂ." ನೆಟ್ಟಿನ ತುದಿಯನ್ನು ನನ್ನ ಕೈಗೆ ಕೊಟ್ಟಳು. "ಸಂಜೆ ಬರಕ್ಕೆ ಹೇಳಿ ಅವಳ್ಗೆ."

"ನೀನೇ ಹೇಳು."

ಫೋನು ತೆಗೆದು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಏನು ಬರೆದೆ ಎಂದು ಕೇಳಬಾರದಿತ್ತು. ಕೇಳಿದೆ. ತೋರಿಸಿದಳು. ಸಾರಿ ಎಂಬ ಪದ ಎಲ್ಲೂ ಇರಲಿಲ್ಲ. "ಸಂಜೆ ಬಾ. ನೆಟ್ ನೀನೇ ಕಟ್ಬೇಕು. ಲೇಟ್ ಮಾಡಿದ್ರೆ ನೋಡು," ಎಂದಷ್ಟೇ ಇತ್ತು.

ಆ ಸಂಜೆ ನಾನು ಬೇಗ ಹೋಗಿ ಕೂತೆ. ಕೂರಲಾಗದೆ ಗೆರೆಗಳಿಗೆ ಮತ್ತೆ ಸುಣ್ಣ ಎಳೆದೆ. ಎಡಗೈಯವಳು ಗೇಟಿನ ಹತ್ತಿರ ಬಂದು ನಿಂತದ್ದು ಕಂಡಿತು. ಒಳಗೆ ಬರಲು ಎಷ್ಟು ಹೊತ್ತು ತೆಗೆದುಕೊಂಡಳೋ. ಕರೆಯಬೇಕೆನಿಸಿತು, ಕರೆಯಲಿಲ್ಲ. ಬಂದಳು, ಯಾರನ್ನೂ ನೋಡದೆ ನೆಟ್ಟು ಕಟ್ಟಿದಳು. ನಡುವೆ ಜೋಲುತ್ತಿತ್ತು. ಬಿಟ್ಟೆ.

ಐವರನ್ನೂ ಒಂದೇ ಕಡೆ ನಿಲ್ಲಿಸಿ, ಎದುರಿಗೆ ನಾನು, ಬೆಳಗಿನ ಗುಂಪಿನಿಂದ ಕರೆಸಿದ್ದ ಮೇಷ್ಟ್ರು, ಇನ್ನಿಬ್ಬರು ನಿಂತೆವು. ಕ್ಯಾಪ್ಟನ್ ಮುಂದೆ, ಎಡಗೈಯವಳು ಹಿಂದೆ. ಇಬ್ಬರೂ ಚೆನ್ನಾಗಿಯೇ ಆಡುತ್ತಿದ್ದರು, ಬಾಯಿ ಮಾತ್ರ ಹೊಲಿದುಕೊಂಡಿದ್ದರು. ಈ ಆಟ ಹಾಗೆ ಆಡಲು ಬರುವುದಿಲ್ಲ. ಇಬ್ಬರ ನಡುವೆ ಬೀಳುವ ಚೆಂಡಿಗೆ ಒಬ್ಬರು "ನಂದು" ಎನ್ನಬೇಕು, ಇನ್ನೊಬ್ಬರು ಬಿಡಬೇಕು. ಮೇಷ್ಟ್ರು ಎತ್ತರಕ್ಕೆ ಕಳಿಸಿದ ಒಂದು ಚೆಂಡು ಸರಿಯಾಗಿ ಅವರಿಬ್ಬರ ಮಧ್ಯೆ ಇಳಿಯಿತು. ಒಬ್ಬಳು ಹಿಂದಕ್ಕೆ ಬಂದಳು, ಇನ್ನೊಬ್ಬಳು ಮುಂದಕ್ಕೆ ಬಂದಳು, ಇಬ್ಬರೂ ತುಟಿ ಬಿಚ್ಚಲಿಲ್ಲ. ಬ್ಯಾಟಿಗೆ ಬ್ಯಾಟು, ಭುಜಕ್ಕೆ ಹಣೆ. ಇಬ್ಬರೂ ಮಣ್ಣಿನಲ್ಲಿ ಕೂತರು. ಚೆಂಡು ಪಕ್ಕದಲ್ಲಿ ಬಿತ್ತು.

ಕ್ಯಾಪ್ಟನ್ ಹಣೆ ಉಜ್ಜಿಕೊಂಡಳು. "ನಿಂಗ್ ಬಾಯಿಲ್ವೇನೇ? ನಂದು ಅನ್ನಕ್ಕಾಗಲ್ವಾ?"

"ಬಾಯಿ ಬಿಟ್ರೂ ಕಷ್ಟ, ಬಿಡದಿದ್ರೂ ಕಷ್ಟ ನಿನ್ ಜೊತೆ," ಎಂದಳು ಎಡಗೈಯವಳು.

ಉಳಿದ ಮೂವರು ನಗುವುದೋ ಬೇಡವೋ ಎಂದು ನನ್ನನ್ನು ನೋಡಿದರು. ನಾನು ಸೀಟಿ ಕೈಯಲ್ಲಿ ಹಿಡಿದು ನಿಂತಿದ್ದೆ. ಊದಲು ಉಸಿರೂ ಎಳೆದುಕೊಂಡಿದ್ದೆ.

"ಚೆಂಡಿಗ್ ಬಾಯಿ ಬಿಡು," ಎಂದಳು ಕ್ಯಾಪ್ಟನ್. "ನನ್ ಬ್ಯಾಟಿಗೆ ಬೇಡ. ಏನಾದ್ರೂ ಕೇಳಿಸಿದ್ರೆ ಮೊದ್ಲು ನನ್ನ ಕೇಳು."

"ಕೇಳಿದ್ರೆ ಹೇಳ್ತೀಯಾ?"

ಕ್ಯಾಪ್ಟನ್ ಮೊಣಕಾಲಿನ ಮಣ್ಣು ಕೊಡವಿದಳು. "ಅವತ್ತು ನಿಜ್ವಾಗ್ಲೂ ಗೊತ್ತಾಗ್ಲಿಲ್ಲ ಕಣೇ," ಎಂದಳು. "ಗೊತ್ತಾದ್ರೆ ಹೇಳ್ತೀನಿ."

"ಸರಿ."

ಎದ್ದರು. ನನಗೆ ಹೇಳಲು ಬಹಳ ಮಾತಿತ್ತು. "ಸರ್ವೀಸ್," ಎಂದಷ್ಟೇ ಹೇಳಿ ಚೆಂಡನ್ನು ಆಚೆಗೆ ಎಸೆದೆ.

ಮುಂದಿನ ಆಟದಲ್ಲಿ ಮೇಷ್ಟ್ರು ಬೇಕೆಂದೇ ಚೆಂಡನ್ನು ಅದೇ ಜಾಗಕ್ಕೆ ಕಳಿಸಿದರು. "ನಂದು," ಎಂದಳು ಎಡಗೈಯವಳು, ಬೇಕಾದದ್ದಕ್ಕಿಂತ ಗಟ್ಟಿಯಾಗಿ, ಆಚೆ ವಾಕಿಂಗ್ ಹೋಗುತ್ತಿದ್ದವರು ತಿರುಗಿ ನೋಡುವಷ್ಟು. ಕ್ಯಾಪ್ಟನ್ ಬಿಟ್ಟು ಸರಿದಳು. ಹೊಡೆತ ಬಹಳ ಜೋರಾಯಿತು, ಚೆಂಡು ಗೆರೆ ದಾಟಿ ಬೇಲಿಯೊಳಗೆ ಬಿತ್ತು.

"ನಿಂದೇ ಅಲ್ವಾ? ಹೋಗಿ ತಗೊಂಬಾ," ಎಂದಳು ಕ್ಯಾಪ್ಟನ್.

ಎಡಗೈಯವಳು ಬೇಲಿಯ ಕಡೆ ಓಡಿದಳು.